ಟರ್ಬೊ ಎಂಜಿನ್‌ನ ಕ್ಯಾಮ್ ಟೈಮಿಂಗ್: ಬಾಯಿಮಾತು ಒಂದು, ಅಳತೆ ಇನ್ನೊಂದು

ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್ 1992ರಲ್ಲಿ ಬಂದಾಗಿನಿಂದ ಒಂಬತ್ತನೇ ಆವೃತ್ತಿಯವರೆಗೂ ಅದರ ಬಾನೆಟ್ಟಿನ ಕೆಳಗಿದ್ದದ್ದು ಒಂದೇ ಮನೆತನದ ಎಂಜಿನ್. ಹೆಸರು 4ಜಿ63. ನಾಲ್ಕು ಸಿಲಿಂಡರ್, 85 ಮಿ.ಮೀ. ಬೋರ್, 88 ಮಿ.ಮೀ. ಸ್ಟ್ರೋಕ್, 1997 ಸಿಸಿ, ಜೊತೆಗೊಂದು ಟರ್ಬೊ. ಫಿನ್ಲೆಂಡಿನ ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತ ನಾಲ್ಕು ವರ್ಷ ವಿಶ್ವ ರ‍್ಯಾಲಿ ಚಾಲಕ ಪ್ರಶಸ್ತಿ ಗೆದ್ದದ್ದು ಈ ಎಂಜಿನ್ನಿನ ಬಲದಿಂದ. ಆಟೊಮೊಬೈಲ್ ಹುಚ್ಚಿರುವವರು ಇದನ್ನು ಬಿಚ್ಚಿ ಕಟ್ಟಿದಷ್ಟು ಸಲ ಬೇರೆ ಯಾವ ಎರಡು ಲೀಟರಿನ ಎಂಜಿನ್ನನ್ನೂ ಬಿಚ್ಚಿರಲಾರರು ಎಂದು ನನಗನ್ನಿಸುತ್ತದೆ.

ಹೆಚ್ಚಿನ ಶಕ್ತಿ ಬೇಕೆಂದವರು ಮೊದಲು ಟರ್ಬೊ ದೊಡ್ಡದು ಮಾಡುತ್ತಾರೆ, ಆಮೇಲೆ ಕ್ಯಾಮ್ ಬದಲಿಸುತ್ತಾರೆ, ಕೊನೆಗೆ ಕ್ಯಾಮ್ ಪುಲ್ಲಿಗೆ ಕೈ ಹಾಕುತ್ತಾರೆ. ಕಾರ್ಖಾನೆಯಿಂದ ಬರುವ ಪುಲ್ಲಿ ಒಂದೇ ತುಂಡು. ಅದನ್ನು ತೆಗೆದು ಎರಡು ತುಂಡಿನ, ಹೊಂದಿಸಬಲ್ಲ ಪುಲ್ಲಿ ಹಾಕಿದರೆ ಬೆಲ್ಟಿನ ಹಲ್ಲು ಕದಲಿಸದೆಯೇ ಕ್ಯಾಮನ್ನು ಒಂದೆರಡು ಡಿಗ್ರಿ ಹಿಂದೆ ಮುಂದೆ ಮಾಡಬಹುದು. ತಿರುಗುವ ದಿಕ್ಕಿಗೇ ಸರಿಸಿದರೆ ವಾಲ್ವ್‌ಗಳು ಬೇಗ ತೆರೆದು ಬೇಗ ಮುಚ್ಚುತ್ತವೆ, ಅದು ಅಡ್ವಾನ್ಸ್. ಎದುರು ದಿಕ್ಕಿಗಾದರೆ ರಿಟಾರ್ಡ್. ಮಾಡುವ ಕೆಲಸ ಇಷ್ಟೇ. ಆದರೆ ಅದರ ಸುತ್ತ ಬೆಳೆದಿರುವ ನಂಬಿಕೆಗಳು ಬಹಳ. ಕೆಲವು ಅರ್ಧ ಸತ್ಯ, ಕೆಲವು ಟರ್ಬೊ ಇಲ್ಲದ ಎಂಜಿನ್ನಿಂದ ಎರವಲು ತಂದದ್ದು, ಕೆಲವು ಶುದ್ಧ ಕಟ್ಟುಕತೆ.

ತಪ್ಪು ಕಲ್ಪನೆ: ಅದೇ ಎಂಜಿನ್, ಅದೇ ಕ್ಯಾಮ್ ಇರುವ ಇನ್ನೊಬ್ಬರ ಪುಲ್ಲಿಯ ಅಂಕೆಯನ್ನು ನಾವೂ ಇಟ್ಟರೆ ಸಾಕು.

ವಾಸ್ತವ: ಇನ್‌ಟೇಕ್ ಎರಡು ಡಿಗ್ರಿ ಮುಂದೆ, ಎಕ್ಸಾಸ್ಟ್ ಎರಡು ಡಿಗ್ರಿ ಹಿಂದೆ ಎಂದು ಯಾರೋ ಹೇಳಿದರು ಅಂದುಕೊಳ್ಳಿ. ಆ ಎರಡು ಡಿಗ್ರಿ ಯಾವುದರದ್ದು? ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದೇ ಸುತ್ತು. ಕ್ಯಾಮಿನ ಒಂದು ಡಿಗ್ರಿ ಎಂದರೆ ಕ್ರ್ಯಾಂಕಿನ ಎರಡು ಡಿಗ್ರಿ. ಪುಲ್ಲಿ ತಯಾರಿಸುವವರಲ್ಲಿ ಕೆಲವರು ಕ್ಯಾಮಿನ ಡಿಗ್ರಿ ಕೆತ್ತುತ್ತಾರೆ, ಕೆಲವರು ಕ್ರ್ಯಾಂಕಿನದ್ದು. ಒಬ್ಬರ ನಾಲ್ಕು ಇನ್ನೊಬ್ಬರ ಎಂಟಾಗುವುದು ಹೀಗೆ.

ಅದಕ್ಕಿಂತ ದೊಡ್ಡ ತೊಡಕು ಸೊನ್ನೆಯದ್ದು. ಪುಲ್ಲಿಯ ಮೇಲಿನ ಸೊನ್ನೆ ಗೆರೆಗೆ ಎಂಜಿನ್ನಿನ ಒಳಗೆ ಏನಾಗುತ್ತಿದೆ ಎಂಬುದು ತಿಳಿಯದು. ಹೆಡ್ ಗ್ಯಾಸ್ಕೆಟ್ ಹೋಗಿ ಹೆಡ್ಡನ್ನು ಫೇಸಿಂಗ್‌ಗೆ ಕೊಟ್ಟಿದ್ದರೆ ಕ್ಯಾಮ್ ಮತ್ತು ಕ್ರ್ಯಾಂಕ್ ನಡುವಿನ ದೂರ ಅಷ್ಟು ಕಡಿಮೆಯಾಗಿರುತ್ತದೆ. ಎಳೆಯುವ ಬದಿಯ ಬೆಲ್ಟಿನಲ್ಲಿ ಉಳಿದ ಸಡಿಲವನ್ನು ಟೆನ್ಷನರ್ ಇನ್ನೊಂದು ಬದಿಯಿಂದ ಎಳೆದುಕೊಳ್ಳುವಾಗ ಕ್ಯಾಮ್ ಹಿಂದಕ್ಕೆ ತಿರುಗುತ್ತದೆ. ಲೆಕ್ಕ ಹಾಕಿಯೇ ನೋಡಬಹುದು. 8 ಮಿ.ಮೀ. ಅಂತರದ 48 ಹಲ್ಲಿನ ಪುಲ್ಲಿಯ ಸುತ್ತಳತೆ 384 ಮಿ.ಮೀ. ಹೆಡ್ಡು ಅರ್ಧ ಮಿ.ಮೀ. ಕೆಳಗಿಳಿದರೆ ಕ್ಯಾಮ್ ಹೆಚ್ಚುಕಡಿಮೆ ಅರ್ಧ ಡಿಗ್ರಿ, ಅಂದರೆ ಕ್ರ್ಯಾಂಕಿನ ಒಂದು ಡಿಗ್ರಿ ರಿಟಾರ್ಡ್ ಆಗಿರುತ್ತದೆ. ದಪ್ಪ ಗ್ಯಾಸ್ಕೆಟ್ ಹಾಕಿದ್ದರೆ ಇದೇ ಲೆಕ್ಕ ತಿರುಗುಮುರುಗು. ಕ್ಯಾಮ್ ಅರೆಯುವಾಗಿನ ವ್ಯತ್ಯಾಸ, ಡೋವೆಲ್ ಪಿನ್ನಿನ ಸಡಿಲ, ಬೆಲ್ಟಿನ ಹಿಗ್ಗು ಇವೆಲ್ಲ ಸೇರಿದರೆ ಇಬ್ಬರ ಸೊನ್ನೆಗಳ ನಡುವೆ ಮೂರ್ನಾಲ್ಕು ಡಿಗ್ರಿ ಅಂತರ ಬಂದರೆ ಅಚ್ಚರಿಪಡಬೇಕಿಲ್ಲ. ಹೊಂದಿಸಲು ಹೊರಟಿರುವುದೇ ಎರಡು ಡಿಗ್ರಿ!

ಹಾಗಾಗಿ ಮೊದಲು ಆಗಬೇಕಾದದ್ದು ನಿಜವಾದ ಸೊನ್ನೆಯನ್ನು ಹುಡುಕುವ ಕೆಲಸ. ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕಟ್ಟಬೇಕು. ಒಂದನೇ ಸಿಲಿಂಡರಿನ ಪಿಸ್ಟನ್ ತುತ್ತತುದಿ ಮುಟ್ಟುವ ಕ್ಷಣ, ಅಂದರೆ ಟಿಡಿಸಿ, ಕಣ್ಣಂದಾಜಿಗೆ ಸಿಗುವುದಿಲ್ಲ. ಅಲ್ಲಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದಂತೆ ಕಾಣದು. ಸ್ಪಾರ್ಕ್ ಪ್ಲಗ್ಗಿನ ತೂತಿನಲ್ಲಿ ಒಂದು ತಡೆ ಕೂರಿಸಿ, ಕೈಯಿಂದ ನಿಧಾನವಾಗಿ ಎರಡೂ ಕಡೆಯಿಂದ ತಿರುಗಿಸಿ, ಪಿಸ್ಟನ್ ತಡೆಗೆ ತಾಗುವ ಎರಡು ಬಿಂದುಗಳ ಸರಿ ಮಧ್ಯವನ್ನು ಟಿಡಿಸಿ ಎಂದು ಗುರುತಿಸಬೇಕು. ತಡೆ ತೆಗೆದು, ವಾಲ್ವ್‌ನ ಮೇಲೆ ಡಯಲ್ ಗೇಜ್ ಇಟ್ಟು, ಅದು 1 ಮಿ.ಮೀ. ಎದ್ದಾಗ ಒಂದು ಓದು, ಇಳಿಯುತ್ತ 1 ಮಿ.ಮೀ. ಉಳಿದಾಗ ಇನ್ನೊಂದು ಓದು. ಅವೆರಡರ ನಡುವಿನ ಬಿಂದುವೇ ಲೋಬಿನ ಮಧ್ಯರೇಖೆ. ಕ್ಯಾಮ್ ತಯಾರಕರ ಕಾರ್ಡಿನಲ್ಲಿರುವ ಅಂಕೆಯನ್ನು ಇದಕ್ಕೆ ಹೋಲಿಸಬೇಕು.

4ಜಿ63ರಲ್ಲಿ ಇಲ್ಲೊಂದು ತಕರಾರಿದೆ. ಅದರ ಟ್ಯಾಪೆಟ್ ಸಡಿಲವನ್ನು ತುಂಬುವುದು ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಅಡ್ಜಸ್ಟರ್. ಎಂಜಿನ್ ನಿಂತಿದ್ದಾಗ ಸ್ಪ್ರಿಂಗ್ ಒತ್ತಿದಷ್ಟೂ ಅದು ಮೆಲ್ಲಗೆ ಕುಸಿಯುತ್ತ ಹೋಗುತ್ತದೆ, ಅಳತೆ ಸುಳ್ಳು ಹೇಳುತ್ತದೆ. ಬಲ್ಲವರು ಅಳೆಯುವ ಹೊತ್ತಿಗೆ ಮಾತ್ರ ಅಲ್ಲೊಂದು ಗಟ್ಟಿ ತುಂಡು ಹಾಕಿಕೊಳ್ಳುತ್ತಾರೆ.

ತಪ್ಪು ಕಲ್ಪನೆ: ಟರ್ಬೊ ಎಂಜಿನ್‌ನಲ್ಲಿ ಓವರ್‌ಲ್ಯಾಪ್ ಇರಲೇಬಾರದು, ಇದ್ದರೆ ಬೂಸ್ಟೆಲ್ಲ ಸೈಲೆನ್ಸರ್ ಪಾಲು.

ವಾಸ್ತವ: ಇಡೀ ವಿಷಯದ ತಿರುಳು ಇರುವುದು ಇಲ್ಲಿ. ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮೊದಲೇ ಇನ್‌ಟೇಕ್ ವಾಲ್ವ್ ತೆರೆದಿರುತ್ತದೆ. ಎರಡೂ ಬಾಗಿಲು ಒಟ್ಟಿಗೆ ತೆರೆದಿರುವ ಆ ಅವಧಿ ಓವರ್‌ಲ್ಯಾಪ್. ಎರಡೂ ಕ್ಯಾಮ್ 272 ಡಿಗ್ರಿಯವು, ಅಂದರೆ ಕ್ರ್ಯಾಂಕ್ ಅಷ್ಟು ತಿರುಗುವವರೆಗೆ ವಾಲ್ವನ್ನು ತೆರೆದಿಡುವಂಥವು, ಇನ್‌ಟೇಕ್‌ನ ಮಧ್ಯರೇಖೆ ಟಿಡಿಸಿ ಆದಮೇಲೆ 110ಕ್ಕೆ, ಎಕ್ಸಾಸ್ಟ್‌ನದ್ದು ಟಿಡಿಸಿಗೆ ಮೊದಲು 110ಕ್ಕೆ ಎಂದಿಟ್ಟುಕೊಳ್ಳಿ. ಆಗ ಓವರ್‌ಲ್ಯಾಪ್ 52 ಡಿಗ್ರಿ. ಎರಡನ್ನೂ ಒಂದರಿಂದೊಂದು ದೂರ ಸರಿಸಿ 114ಕ್ಕೆ ಒಯ್ದರೆ 44 ಡಿಗ್ರಿ. ಇನ್‌ಟೇಕ್ ಅಡ್ವಾನ್ಸ್ ಮಾಡಿ ಎಕ್ಸಾಸ್ಟ್ ರಿಟಾರ್ಡ್ ಮಾಡಿದಷ್ಟೂ ಇದು ಬೆಳೆಯುತ್ತದೆ.

ಆ ಹೊತ್ತಿನಲ್ಲಿ ಗಾಳಿ ಯಾವ ಕಡೆ ಹರಿಯುತ್ತದೆ? ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ. ಬೂಸ್ಟ್ ಇದೆಯಲ್ಲ, ಒಳಗಿನಿಂದ ಹೊರಕ್ಕೇ ಹರಿಯಬೇಕು ಎಂದು ಎಲ್ಲರೂ ಭಾವಿಸುವುದು ಸಹಜ. ಆದರೆ ಟರ್ಬೈನ್ ಪುಕ್ಕಟೆ ತಿರುಗುವುದಿಲ್ಲ. ಅದನ್ನು ತಿರುಗಿಸಲು ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಒತ್ತಡ ಕಟ್ಟಿಕೊಳ್ಳಬೇಕು. ಬೇಗ ಬೂಸ್ಟ್ ಕೊಡಲೆಂದು ಕಾರ್ಖಾನೆಯವರು ಟರ್ಬೈನ್ ಚಿಕ್ಕದಿಡುತ್ತಾರೆ. ಮೇಲಿನ ಆರ್‌ಪಿಎಂನಲ್ಲಿ ಅದು ಹೊಗೆಯ ಗಂಟಲು ಹಿಸುಕುತ್ತದೆ. ಬೂಸ್ಟ್ ಗೇಜಿನಲ್ಲಿ 1.4 ಬಾರ್ ಕಾಣುತ್ತಿರುವಾಗ ಆಚೆ ಮ್ಯಾನಿಫೋಲ್ಡಿನಲ್ಲಿ 2.5 ಬಾರ್ ಇರುವುದು ಅಪರೂಪವೇನಲ್ಲ. ಅಂಥ ಎಂಜಿನ್ನಿಗೆ ಓವರ್‌ಲ್ಯಾಪ್ ಹೆಚ್ಚಿಸಿದರೆ ಬೂಸ್ಟ್ ಹೊರಗೆ ಸೋರುವ ಮಾತು ಹಾಗಿರಲಿ, ಸುಟ್ಟ ಹೊಗೆಯೇ ಸಿಲಿಂಡರಿಗೆ ವಾಪಸು ನುಗ್ಗುತ್ತದೆ. ಹೊಸ ಗಾಳಿಗೆ ಜಾಗ ಕಡಿಮೆ, ಒಳಗಿನ ಬಿಸಿ ಹೆಚ್ಚು, ಮಿಶ್ರಣ ತಾನಾಗಿಯೇ ಸಿಡಿಯುವ ನಾಕಿಂಗ್ ಬೇಗ. ನಂಬಿಕೆ ಹೇಳುವ ಫಲ ಹೆಚ್ಚುಕಡಿಮೆ ಸರಿ, ಕಾರಣ ಮಾತ್ರ ತಲೆಕೆಳಗು.

ಕಾರಣ ತಪ್ಪಾದರೆ ಮುಂದಿನ ಹೆಜ್ಜೆಯೂ ತಪ್ಪುತ್ತದೆ. ಅದೇ 4ಜಿ63ಕ್ಕೆ ಹೊಸ ತಲೆಮಾರಿನ ದೊಡ್ಡ ಟರ್ಬೊ, ಸಲೀಸಾದ ಮ್ಯಾನಿಫೋಲ್ಡು ಹಾಕಿದರೆ ಎರಡೂ ಬದಿಯ ಒತ್ತಡ ಸರಿಸಮಕ್ಕೆ ಬರಬಹುದು, ಬೂಸ್ಟ್ ಬದಿಯೇ ಮೇಲಾಗಲೂಬಹುದು. ಈಗ ಓವರ್‌ಲ್ಯಾಪ್ ಮಿತ್ರ. ಸಿಲಿಂಡರೊಂದು 499 ಸಿಸಿ, ಕಂಪ್ರೆಷನ್ 8.8ಕ್ಕೆ 1 ಎಂದರೆ ಪಿಸ್ಟನ್ ತುದಿ ಮುಟ್ಟಿದಾಗಲೂ ಮೇಲೆ ಉಳಿಯುವ ಜಾಗ ಸುಮಾರು 64 ಸಿಸಿ. ಅಲ್ಲಿ ಕೂತಿರುವ ಹಳೆಯ ಹೊಗೆಯನ್ನು ಗುಡಿಸಿ ಹಾಕಲು ಬೇರೆ ದಾರಿಯಿಲ್ಲ. ಚಿಕ್ಕ ಟರ್ಬೊದಲ್ಲೂ ಬೂಸ್ಟ್ ಆಗಷ್ಟೇ ಏರುವ ಕೆಳಗಿನ ಆರ್‌ಪಿಎಂನಲ್ಲಿ ಒತ್ತಡದ ತಕ್ಕಡಿ ಇನ್‌ಟೇಕ್ ಕಡೆಗೇ ವಾಲಬಹುದು. ಇಂದಿನ ನೇರ ಇಂಜೆಕ್ಷನ್ನಿನ ಟರ್ಬೊ ಪೆಟ್ರೋಲ್ ಕಾರುಗಳು ಕೆಳಗಿನ ವೇಗದಲ್ಲೇ ಚುರುಕಾಗಿ ಎಳೆಯುವುದರ ಹಿಂದಿನ ಗುಟ್ಟುಗಳಲ್ಲಿ ಇದೂ ಒಂದು. ಅವು ಆ ಹೊತ್ತಿಗೆ ಬೇಕೆಂದೇ ಓವರ್‌ಲ್ಯಾಪ್ ಹಿಗ್ಗಿಸಿ ಹೊಸ ಗಾಳಿಯನ್ನು ಆರಪಾರ ಬಿಡುತ್ತವೆ. ಪೆಟ್ರೋಲನ್ನು ಎಕ್ಸಾಸ್ಟ್ ವಾಲ್ವ್ ಮುಚ್ಚಿದ ಮೇಲೆ ಚಿಮ್ಮಿಸುವುದರಿಂದ ಆಚೆ ಹೋಗುವುದು ಬರಿಯ ಗಾಳಿ. ಪೋರ್ಟಿನಲ್ಲಿ ಇಂಜೆಕ್ಟರ್ ಇರುವ 4ಜಿ63ರಲ್ಲಿ ಹಾಗೆ ಮಾಡಿದರೆ ಗಾಳಿಯ ಜೊತೆ ಪೆಟ್ರೋಲೂ ಹೋಗಿ ಮ್ಯಾನಿಫೋಲ್ಡಿನಲ್ಲೇ ಹತ್ತಿಕೊಳ್ಳುತ್ತದೆ.

ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಹೆಚ್ಚಾಗಿ ಅಂಟಿದ ಇನ್ನೊಂದು ಪೀಡೆಯಿದೆ. 4ಜಿ63ರ ಫೈರಿಂಗ್ ಕ್ರಮ 1-3-4-2. ಒಂದನೇ ಸಿಲಿಂಡರ್ ಓವರ್‌ಲ್ಯಾಪಿನಲ್ಲಿರುವಾಗ ಸರಿಯಾಗಿ ಮೂರನೆಯದರ ಎಕ್ಸಾಸ್ಟ್ ಬಾಗಿಲು ತೆರೆದು ಅಲ್ಲಿಂದ ಹೊಗೆಯ ಮೊದಲ ಜೋರು ಹೊಡೆತ ಹೊರಡುತ್ತದೆ. ನಾಲ್ಕೂ ಪೈಪು ಒಂದೇ ಕಡೆ ಸೇರಿದ್ದರೆ ಆ ಹೊಡೆತ ನೇರ ಒಂದನೆಯದರ ಒಳಕ್ಕೆ. 1996ರ ನಾಲ್ಕನೇ ಎವೊಲ್ಯೂಷನ್ನಿನಿಂದ ಮಿತ್ಸುಬಿಷಿ ಟ್ವಿನ್ ಸ್ಕ್ರೋಲ್ ಟರ್ಬೊ ಕೂರಿಸಿ 1-4 ಒಂದು ದಾರಿ, 2-3 ಇನ್ನೊಂದು ದಾರಿ ಎಂದು ಟರ್ಬೈನಿನ ಬಾಯಿಯವರೆಗೂ ಬೇರೆ ಬೇರೆಯಾಗಿಯೇ ಒಯ್ಯಿತು. ಈ ಕಾರಿನ ಕ್ಯಾಮ್ ಅಂಕೆಯನ್ನು ಒಂಟಿ ದಾರಿಯ ಮ್ಯಾನಿಫೋಲ್ಡ್ ಹಾಕಿಸಿಕೊಂಡವರು ನಕಲು ಮಾಡಿದರೆ ಎಡವಟ್ಟಾಗುವುದು ಖಚಿತ. ನಿಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರು ಸಿಲಿಂಡರಿನ ಆರ್‌ಬಿ26ಗೆ ಈ ಕಾಟ ಕಡಿಮೆ. ಮೂರು ಮೂರು ಸಿಲಿಂಡರಿಗೆ ಒಂದೊಂದು ಟರ್ಬೊ, ಪ್ರತಿ ಗುಂಪಿನಲ್ಲಿ ಹೊಡೆತಗಳ ನಡುವೆ 240 ಡಿಗ್ರಿ ಬಿಡುವು.

ಆದ್ದರಿಂದ ಪುಲ್ಲಿ ಮುಟ್ಟುವ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒತ್ತಡ ಅಳೆಯಿರಿ ಎನ್ನುವುದು ನನ್ನ ಹಟ. ಮ್ಯಾನಿಫೋಲ್ಡಿಗೊಂದು ತೂತು, ಬಿಸಿ ತಗ್ಗಿಸಲು ಸುರುಳಿ ಸುತ್ತಿದ ಲೋಹದ ಸಣ್ಣ ಪೈಪು, ತುದಿಗೊಂದು ಒತ್ತಡದ ಗೇಜು. ಪುಲ್ಲಿಗೆ ಕೊಡುವ ಹಣದ ಮುಂದೆ ಇದರ ಖರ್ಚು ಏನೂ ಅಲ್ಲ. ಆದರೂ ಹಾಕಿಸುವವರು ವಿರಳ, ಯಾಕೆಂದರೆ ಅದು ಹೊರಗೆ ಕಾಣುವುದಿಲ್ಲ. ಬಣ್ಣದ ಪುಲ್ಲಿ ಕಾಣುತ್ತದೆ.

ತಪ್ಪು ಕಲ್ಪನೆ: ಇನ್‌ಟೇಕ್ ಅಡ್ವಾನ್ಸ್ ಮಾಡಿದಷ್ಟೂ ಪಿಕಪ್, ಎಲ್ಲ ಕಡೆಯೂ ಲಾಭ.

ವಾಸ್ತವ: ಎರಡೂ ಕ್ಯಾಮ್‌ಗಳ ತೆರೆಯುವ, ಮುಚ್ಚುವ ನಾಲ್ಕು ಕ್ಷಣಗಳ ಪೈಕಿ ನಿರ್ಣಾಯಕವಾದದ್ದು ಇನ್‌ಟೇಕ್ ಮುಚ್ಚುವ ಕ್ಷಣ. ಪಿಸ್ಟನ್ ತಳ ಮುಟ್ಟಿ ಮೇಲೇರಲು ಶುರುಮಾಡಿದ ಮೇಲೂ ವಾಲ್ವ್ ತೆರೆದೇ ಇರುತ್ತದೆ. ವೇಗ ಹೆಚ್ಚಿದ್ದಾಗ ನುಗ್ಗಿ ಬರುವ ಗಾಳಿಗೆ ತನ್ನದೇ ಓಟದ ಬಲವಿರುವುದರಿಂದ ಅದು ಆಗಲೂ ಒಳಗೆ ತುಂಬಿಕೊಳ್ಳುತ್ತಿರುತ್ತದೆ. ವೇಗ ಕಡಿಮೆಯಿದ್ದರೆ ತುಂಬಿದ ಗಾಳಿಯನ್ನು ಪಿಸ್ಟನ್ ಹಿಂದಕ್ಕೆ ತಳ್ಳಿಬಿಡುತ್ತದೆ. ಬೇಗ ಮುಚ್ಚಿದರೆ ಕೆಳಗಿನ ಆರ್‌ಪಿಎಂಗೆ ಲಾಭ, ತಡವಾಗಿ ಮುಚ್ಚಿದರೆ ಮೇಲಿನದಕ್ಕೆ. ಎರಡೂ ಕಡೆ ಲಾಭ ಕೊಡುವ ಅಂಕೆಯೇ ಇಲ್ಲ. ಪುಲ್ಲಿ ತಿರುಗಿಸುವವರು ಟಾರ್ಕಿನ ಗೆರೆಯನ್ನು ಎಡಕ್ಕೋ ಬಲಕ್ಕೋ ಸರಿಸುತ್ತಾರೆ ಅಷ್ಟೇ.

ಟರ್ಬೊ ಇರುವಲ್ಲಿ ಇದಕ್ಕೊಂದು ಬೆಲೆಯೂ ಇದೆ. ವಾಲ್ವ್ ಮುಚ್ಚಿದ ಮೇಲಿನ ಹಾದಿಯೇ ನಿಜವಾದ ಕಂಪ್ರೆಷನ್. 4ಜಿ63ರ 88 ಮಿ.ಮೀ. ಸ್ಟ್ರೋಕ್ ಮತ್ತು 150 ಮಿ.ಮೀ. ಕನೆಕ್ಟಿಂಗ್ ರಾಡ್ ಹಿಡಿದು ಲೆಕ್ಕ ಹಾಕಿದೆ. ಇನ್‌ಟೇಕ್ ಮುಚ್ಚುವುದು ತಳ ದಾಟಿ 66 ಡಿಗ್ರಿಗಾದರೆ 8.8ರ ಕಂಪ್ರೆಷನ್ ಕೆಲಸಕ್ಕೆ ಬರುವಾಗ 7.0ರಷ್ಟು; 4 ಡಿಗ್ರಿ ಅಡ್ವಾನ್ಸ್ ಮಾಡಿದರೆ 7.2ರಷ್ಟು. ಹತ್ತರಲ್ಲಿ ಎರಡಂಶ ಏನು ಮಹಾ ಎನ್ನಿಸಬಹುದು. ಒಂದೂವರೆ ಬಾರ್ ಬೂಸ್ಟಿನಲ್ಲಿ, ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ, ನಾಕಿಂಗಿನ ಅಂಚಿನಲ್ಲೇ ಓಡುವ ಎಂಜಿನ್ನಿಗೆ ಅಷ್ಟೇ ಸಾಕು, ಇಗ್ನಿಷನ್ನನ್ನು ಹಿಂದೆಳೆಯಬೇಕಾಗುತ್ತದೆ, ಗಳಿಸಿದ್ದು ಅಲ್ಲೇ ಕಳೆಯುತ್ತದೆ. ಇದರ ತದ್ವಿರುದ್ಧದ ದಾರಿ ಹಿಡಿದವರೂ ಇದ್ದಾರೆ. ಮಜ್ದಾ ಕಂಪನಿ 1993ರ ಯೂನೋಸ್ 800 ಕಾರಿನಲ್ಲಿ ಸೂಪರ್‌ಚಾರ್ಜರ್ ಇಟ್ಟು ಇನ್‌ಟೇಕ್ ವಾಲ್ವನ್ನು ಬೇಕೆಂದೇ ತಡವಾಗಿ ಮುಚ್ಚಿತು. ಗಾಳಿ ಒತ್ತುವ ಕೆಲಸದ ಒಂದು ಪಾಲನ್ನು ಹೊರಗೇ ಮುಗಿಸಿ, ಇಂಟರ್‌ಕೂಲರಿನಲ್ಲಿ ತಣಿಸಿ ಒಳಗೆ ಬಿಡುವ ಉಪಾಯ ಅದು.

ಎಕ್ಸಾಸ್ಟ್ ಕ್ಯಾಮಿನ ಬಗ್ಗೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಅದನ್ನು ಅಡ್ವಾನ್ಸ್ ಮಾಡಿದರೆ ಸಿಲಿಂಡರಿನಲ್ಲಿ ಇನ್ನೂ ಒತ್ತಡ ಇರುವಾಗಲೇ ಬಾಗಿಲು ತೆರೆಯುತ್ತದೆ. ಪಿಸ್ಟನ್ನಿಗೆ ಸಿಗಬೇಕಿದ್ದ ತಳ್ಳು ಸ್ವಲ್ಪ ನಷ್ಟ, ಆದರೆ ಅದು ಟರ್ಬೈನಿಗೆ ಸೇರುತ್ತದೆ, ಟರ್ಬೊ ಬೇಗ ಏಳುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಕಳೆದುಹೋಗುವ ಚಿಲ್ಲರೆ ಇಲ್ಲಿ ಒಂದಷ್ಟು ವಾಪಸು ಬರುತ್ತದೆ. ಹಾಗೆಂದು ಅದನ್ನೂ ಅತಿ ಮಾಡಿದರೆ ಮ್ಯಾನಿಫೋಲ್ಡಿನ ಬಿಸಿ ಏರುತ್ತದೆ.

ತಪ್ಪು ಕಲ್ಪನೆ: ಬೂಸ್ಟ್ ಅಷ್ಟೇ ಇದ್ದಮೇಲೆ ಇಂಧನದ ಮ್ಯಾಪ್ ಬದಲಿಸುವ ಅಗತ್ಯವಿಲ್ಲ.

ವಾಸ್ತವ: ಬೂಸ್ಟ್ ಗೇಜ್ ಹೇಳುವುದು ಒತ್ತಡ, ಎಂಜಿನ್ ಎಷ್ಟು ಗಾಳಿ ನುಂಗಿತು ಎಂಬುದನ್ನು ಹೇಳುವುದಿಲ್ಲ. ಕ್ಯಾಮ್ ಚೆನ್ನಾಗಿ ಹೊಂದಿದರೆ ಅದೇ 1.4 ಬಾರಿನಲ್ಲಿ ಹೆಚ್ಚು ಗಾಳಿ ಒಳಹೋಗುತ್ತದೆ. ಟರ್ಬೊ ತನ್ನ ಶಕ್ತಿಯ ತುದಿಯಲ್ಲಿದ್ದರೆ ಬೂಸ್ಟ್ ಕೊಂಚ ಇಳಿದೂ ಶಕ್ತಿ ಏರಬಹುದು. ಗೇಜ್ ಮುಳ್ಳು ಕೆಳಗೆ ಬಂತೆಂದು ಕ್ಯಾಮನ್ನು ಹಳೆಯ ಜಾಗಕ್ಕೆ ತಿರುಗಿಸಿದರೆ ಸಿಕ್ಕ ಲಾಭವನ್ನು ಕೈಯಾರೆ ಬಿಟ್ಟಂತೆ.

ಹೆಚ್ಚುವರಿ ಗಾಳಿ ಕಂಪ್ಯೂಟರಿಗೆ ಗೊತ್ತಾಗುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಒಂಬತ್ತನೆಯದರವರೆಗಿನ ಎವೊಲ್ಯೂಷನ್ ಕಾರುಗಳಲ್ಲಿ ಗಾಳಿಯ ಹರಿವನ್ನೇ ಅಳೆಯುವ ಕಾರ್ಮನ್ ವೋರ್ಟೆಕ್ಸ್ ಮೀಟರ್ ಇದೆ. ಅದಕ್ಕೆ ಹೆಚ್ಚುಕಡಿಮೆ ತಿಳಿಯುತ್ತದೆ. ಟೊಯೊಟಾ ಸುಪ್ರಾದ 2ಜೆಝಡ್-ಜಿಟಿಇ ಕತೆ ಸ್ವಾರಸ್ಯಕರ. ಅಮೆರಿಕಕ್ಕೆ ಹೋದ ಕಾರಿನಲ್ಲಿ ಗಾಳಿ ಅಳೆಯುವ ಮೀಟರ್ ಇತ್ತು, ಜಪಾನಿನಲ್ಲೇ ಮಾರಿದ್ದರಲ್ಲಿ ಮ್ಯಾನಿಫೋಲ್ಡಿನ ಒತ್ತಡ ನೋಡಿ ಗಾಳಿಯನ್ನು ಊಹಿಸುವ ಸೆನ್ಸರ್. ಒಂದೇ ಎಂಜಿನ್, ಒಂದೇ ಕ್ಯಾಮ್ ಬದಲಾವಣೆ; ಜಪಾನಿ ಕಾರು ಹಳೆಯ ಊಹೆಯಲ್ಲೇ ಪೆಟ್ರೋಲ್ ಕೊಡುತ್ತ ಮಿಶ್ರಣವನ್ನು ತೆಳುವಾಗಿಸಿಬಿಡುತ್ತದೆ. ಬೂಸ್ಟಿನಡಿ ತೆಳು ಮಿಶ್ರಣ ಎಂದರೆ ಪಿಸ್ಟನ್ನಿನ ಆಯುಸ್ಸಿಗೆ ಸಂಚಕಾರ.

ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರನ್ನೂ ಕಣ್ಣುಮುಚ್ಚಿ ನಂಬಬೇಡಿ. ಓವರ್‌ಲ್ಯಾಪ್‌ನಲ್ಲಿ ಹೊಸ ಗಾಳಿ ಆರಪಾರ ಹೋಗುತ್ತಿದ್ದರೆ ಅದು ಆ ಆಮ್ಲಜನಕ ಕಂಡು ತೆಳು ಎಂದು ಕೂಗುತ್ತದೆ. ಸಿಲಿಂಡರಿನ ಒಳಗೆ ಉರಿದದ್ದು ಬೇರೆಯೇ ಇರಬಹುದು.

ತಪ್ಪು ಕಲ್ಪನೆ: ಕ್ಯಾಮ್ ಟೈಮಿಂಗ್‌ಗೂ ಇಗ್ನಿಷನ್ ಟೈಮಿಂಗ್‌ಗೂ ಸಂಬಂಧವಿಲ್ಲ.

ವಾಸ್ತವ: ಎರಡೂ ಬೇರೆ ಎನ್ನುವುದು ನಿಜ. ಆದರೆ ಕಿಡಿ ಯಾವಾಗ ಹಾರಿಸಬೇಕೆಂದು ಹೇಳುವ ಸೆನ್ಸರ್ ಎಲ್ಲಿ ಕೂತಿದೆ ನೋಡಿಕೊಳ್ಳಬೇಕು. ಆರ್‌ಬಿ26ರಲ್ಲಿ ಅದು ಎಕ್ಸಾಸ್ಟ್ ಕ್ಯಾಮಿನ ಮೂತಿಯಲ್ಲಿದ್ದು ಕ್ಯಾಮಿನ ಜೊತೆಗೇ ತಿರುಗುತ್ತದೆ. ಎಕ್ಸಾಸ್ಟ್ ಕ್ಯಾಮನ್ನು ಕ್ರ್ಯಾಂಕಿನ ಲೆಕ್ಕದಲ್ಲಿ 4 ಡಿಗ್ರಿ ಅಡ್ವಾನ್ಸ್ ಮಾಡಿದರೆ ಕಿಡಿಯೂ 4 ಡಿಗ್ರಿ ಬೇಗ. ಟೈಮಿಂಗ್ ಲೈಟ್ ಹಿಡಿದು ಸೆನ್ಸರನ್ನು ಹಿಂದಕ್ಕೆ ತಿರುಗಿಸದೆ, ಶಕ್ತಿ ಅಳೆಯುವ ಡೈನೊ ಮೇಲೆ ಓಡಿಸಿದವರಿಗೆ ಕ್ಯಾಮಿನಿಂದ ಶಕ್ತಿ ಬಂತು ಎನ್ನಿಸುತ್ತದೆ. ಬಂದದ್ದು ಕಿಡಿಯಿಂದ, ಜೊತೆಗೆ ನಾಕಿಂಗ್ ಉಚಿತ.

ತಪ್ಪು ಕಲ್ಪನೆ: ಐಡ್ಲಿಂಗ್‌ನಲ್ಲಿ ಗುಡುಗುಡು ಎಂದು ಕುಣಿಯುವ ಎಂಜಿನ್ನೇ ಶಕ್ತಿಯ ಎಂಜಿನ್.

ವಾಸ್ತವ: ಐಡ್ಲಿಂಗ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿರುವುದು ನಿರ್ವಾತ. ಓವರ್‌ಲ್ಯಾಪ್ ಜಾಸ್ತಿಯಾದರೆ ಹೊಗೆ ಒಳಗೆ ಎಳೆಯಲ್ಪಟ್ಟು ಕೆಲವು ಸಲ ಬೆಂಕಿ ಸರಿಯಾಗಿ ಹತ್ತದೆ ಎಂಜಿನ್ ಮುಗ್ಗರಿಸುತ್ತದೆ. ಕೇಳುವವರಿಗೆ ಅದು ಗರ್ಜನೆ. 264, 272, 280 ಎಂದು ಕ್ಯಾಮ್ ಡಬ್ಬಿಯ ಮೇಲಿನ ಅಂಕೆ ಏರಿದಷ್ಟೂ ಈ ಸದ್ದು ಬಲಿಯುತ್ತದೆ, ಕೆಳಗಿನ ಟಾರ್ಕ್ ಸೊರಗುತ್ತದೆ. ಅಂದಹಾಗೆ ಆ ಅಂಕೆಗಳನ್ನು ಯಾವ ಎತ್ತರದ ಲಿಫ್ಟಿನಲ್ಲಿ ಅಳೆದರು ಎಂಬುದು ಒಬ್ಬೊಬ್ಬ ತಯಾರಕರಿಗೆ ಒಂದೊಂದು. ಎರಡು ಕಂಪನಿಗಳ 272 ಒಂದೇ ಎಂದುಕೊಳ್ಳಬೇಡಿ.

ಶಕ್ತಿಯ ಮಾತು ಎತ್ತಿದರೆ ಮ್ಯಾಕಿನೆನ್ನರ ರ‍್ಯಾಲಿ ಕಾರನ್ನೇ ನೋಡಿ. 1995ರಿಂದ ವಿಶ್ವ ರ‍್ಯಾಲಿಯ ಟರ್ಬೊ ಕಾರುಗಳು 34 ಮಿ.ಮೀ. ಅಗಲದ ಕಿರುಬಾಯಿಯ ಮೂಲಕವೇ ಉಸಿರಾಡಬೇಕಿತ್ತು. ಅದರಲ್ಲಿ ಗಾಳಿ ಶಬ್ದದ ವೇಗ ಮುಟ್ಟಿತೆಂದರೆ ಮುಗಿಯಿತು. ಸೆಕೆಂಡಿಗೆ ಸುಮಾರು 200 ಗ್ರಾಂಗಿಂತ ಹೆಚ್ಚು ಏನು ಮಾಡಿದರೂ ಹೋಗದು. ಸುಮಾರು 300 ಅಶ್ವಶಕ್ತಿಗೆ ಬೇಲಿ ಬಿತ್ತು. 8000 ಆರ್‌ಪಿಎಂಗೆ ಉಸಿರು ಕೊಡುವ ಕ್ಯಾಮ್ ಅಲ್ಲಿ ದಂಡ. ರ‍್ಯಾಲಿ ಎಂಜಿನಿಯರರು ಬೆನ್ನು ಹತ್ತಿದ್ದು ಮಧ್ಯದ ಆರ್‌ಪಿಎಂನ ಟಾರ್ಕನ್ನು, ಮಣ್ಣಿನ ತಿರುವಿನಿಂದ ಕಾರನ್ನು ಕಿತ್ತು ಹೊರತರುವ ಎಳೆತವನ್ನು. ಅದೇ ಬ್ಲಾಕ್ ಇಟ್ಟುಕೊಂಡು ನೇರ ಓಟದ ಡ್ರ್ಯಾಗ್ ಪಂದ್ಯಕ್ಕೆ ಸಜ್ಜು ಮಾಡುವವರು ಬೇರೆಯೇ ಕ್ಯಾಮ್, ಬೇರೆಯೇ ಮಧ್ಯರೇಖೆ ಆರಿಸುತ್ತಾರೆ. ಇಬ್ಬರೂ ಸರಿ. ಡೈನೊ ಹಾಳೆಯ ತುದಿಯ ಅಂಕೆಯೊಂದನ್ನೇ ಹಿಡಿದು ಜಗಳವಾಡುವವರು ತಾವು ಯಾವ ಆರ್‌ಪಿಎಂನಲ್ಲಿ ಕಾರು ಓಡಿಸುತ್ತೇವೆ ಎಂದು ಮೊದಲು ಹೇಳಲಿ.

ಡೈನೊದಲ್ಲೂ ಒಂದು ಶಿಸ್ತು ಬೇಕು. ಒಂದು ಸಲಕ್ಕೆ ಒಂದೇ ಕ್ಯಾಮ್, ಒಂದೆರಡು ಡಿಗ್ರಿ ಮಾತ್ರ. ಒಳಬರುವ ಗಾಳಿಯ ಬಿಸಿ ಪ್ರತಿ ಓಟಕ್ಕೂ ಒಂದೇ ಆಗಿರಬೇಕು. ಇಂಟರ್‌ಕೂಲರ್ ಕಾದಿದ್ದಾಗ ಬಂದ ಅಂಕೆಯನ್ನು ತಣ್ಣಗಿದ್ದಾಗಿನದಕ್ಕೆ ಹೋಲಿಸಿದರೆ ಕ್ಯಾಮಿನ ಗುಣವೆಲ್ಲ ಹವಾಮಾನದ ಗುಣವಾಗುತ್ತದೆ. ಕಾರ್ಖಾನೆಯ ಕ್ಯಾಮನ್ನೇ ಇಟ್ಟುಕೊಂಡು ಪುಲ್ಲಿ ಮಾತ್ರ ತಿರುಗಿಸಿದರೆ ಸಿಗುವುದು ಶೇಕಡಾ ಒಂದೆರಡರ ಮಾತು.

ತಪ್ಪು ಕಲ್ಪನೆ: ಕ್ಯಾಮನ್ನು ತಾನೇ ತಿರುಗಿಸುವ ಎಂಜಿನ್ ಬಂದಮೇಲೆ ಇದೆಲ್ಲ ಹಳೆಯ ಕತೆ.

ವಾಸ್ತವ: 2005ರ ಒಂಬತ್ತನೇ ಎವೊಲ್ಯೂಷನ್ನಿನಲ್ಲಿ ಮಿತ್ಸುಬಿಷಿ ಮೈವೆಕ್ ತಂದಿತು. ಎಣ್ಣೆಯ ಒತ್ತಡದಿಂದ ಇನ್‌ಟೇಕ್ ಕ್ಯಾಮ್ ಓಡುತ್ತಿರುವಾಗಲೇ ಸರಿಯುತ್ತದೆ. ಐಡ್ಲಿಂಗ್‌ಗೆ ಒಂದು ಸ್ಥಾನ, ಟರ್ಬೊ ಏಳುವಾಗ ಅಡ್ವಾನ್ಸ್, ಮೇಲಿನ ಆರ್‌ಪಿಎಂಗೆ ಮತ್ತೆ ಹಿಂದಕ್ಕೆ. 2007ರ ಹತ್ತನೆಯದರಲ್ಲಿ 4ಜಿ63 ಹೋಗಿ ಅಲ್ಯೂಮಿನಿಯಂ ಬ್ಲಾಕಿನ 4ಬಿ11 ಬಂತು. ಬೆಲ್ಟಿನ ಜಾಗದಲ್ಲಿ ಚೈನು, ಎರಡೂ ಕ್ಯಾಮ್ ಸರಿಯುತ್ತವೆ. ಹೀಗೆ ಪ್ರಶ್ನೆ ಪುಲ್ಲಿಯಿಂದ ಕಂಪ್ಯೂಟರಿನ ಕೋಷ್ಟಕಕ್ಕೆ ದಾಟಿತು, ಉತ್ತರ ಮಾತ್ರ ಅದೇ ಒತ್ತಡದ ಲೆಕ್ಕದಲ್ಲೇ ಸಿಗಬೇಕು. ಕಾರ್ಖಾನೆ ತುಂಬಿದ ಕೋಷ್ಟಕ ಕಾರ್ಖಾನೆಯ ಟರ್ಬೊಗೆ ಸರಿ. ಟರ್ಬೊ ದೊಡ್ಡದು ಮಾಡಿದರೆ ಪ್ರತಿ ಆರ್‌ಪಿಎಂಗೂ ಹೊಸದಾಗಿ ಹುಡುಕಬೇಕು. ಕೆಲಸ ಹೆಚ್ಚಾಯಿತು, ಆದರೆ ಕೆಳಗಿನದಕ್ಕಾಗಿ ಮೇಲಿನದನ್ನು ಬಲಿಕೊಡುವ ಚೌಕಾಶಿ ತಪ್ಪಿತು. ನನ್ನ ಮಟ್ಟಿಗೆ ಇದು ದೊಡ್ಡ ಲಾಭ.

ತಪ್ಪು ಕಲ್ಪನೆ: ನಾಲ್ಕೈದು ಡಿಗ್ರಿ ತಿರುಗಿಸಿದರೆ ವಾಲ್ವ್‌ಗೇನೂ ಆಗದು.

ವಾಸ್ತವ: 4ಜಿ63ರಲ್ಲಿ ಪಿಸ್ಟನ್ನೂ ವಾಲ್ವೂ ಒಂದೇ ಜಾಗಕ್ಕೆ ಪಾಳಿಯಲ್ಲಿ ಬರುತ್ತವೆ. ಬೆಲ್ಟು ಕಡಿದರೆ ವಾಲ್ವ್ ಬೆಂಡ್ ಖಂಡಿತ. ಒಂದು ಹಲ್ಲು ತಪ್ಪಿ ಕೂತರೂ, 48 ಹಲ್ಲಿನ ಪುಲ್ಲಿಯಲ್ಲಿ ಅದು ಕ್ರ್ಯಾಂಕಿನ 15 ಡಿಗ್ರಿ. ವಾಲ್ವ್ ಪಿಸ್ಟನ್ನಿಗೆ ಅತಿ ಹತ್ತಿರ ಬರುವುದು ಟಿಡಿಸಿಯಲ್ಲೇ ಅಲ್ಲ. ಎಕ್ಸಾಸ್ಟ್ ಅದಕ್ಕೆ ಸುಮಾರು 10 ಡಿಗ್ರಿ ಮೊದಲು, ಇನ್‌ಟೇಕ್ ಸುಮಾರು 10 ಡಿಗ್ರಿ ಆಮೇಲೆ. ಇನ್‌ಟೇಕ್ ಅಡ್ವಾನ್ಸ್ ಮಾಡಿದಷ್ಟೂ, ಎಕ್ಸಾಸ್ಟ್ ರಿಟಾರ್ಡ್ ಮಾಡಿದಷ್ಟೂ ಆ ಅಂತರ ಕಿರಿದಾಗುತ್ತದೆ. ಹೆಡ್ ಫೇಸಿಂಗ್ ಆಗಿದ್ದರೆ ಮೊದಲೇ ಕಿರಿದಾಗಿರುತ್ತದೆ. ಇನ್‌ಟೇಕ್‌ಗೆ 2 ಮಿ.ಮೀ., ಬಿಸಿಗೆ ಹೆಚ್ಚು ಹಿಗ್ಗುವ ಎಕ್ಸಾಸ್ಟ್‌ಗೆ 2.5 ಮಿ.ಮೀ. ಉಳಿಸುವುದು ರೂಢಿ. ಪಿಸ್ಟನ್ ಮೇಲೆ ಮೆತ್ತನೆಯ ಕ್ಲೇ ಇಟ್ಟು ಕೈಯಿಂದ ತಿರುಗಿಸಿ, ಅಚ್ಚು ಕೊಯ್ದು ದಪ್ಪ ಅಳೆಯುತ್ತಾರೆ. ಇಲ್ಲೂ ಹೈಡ್ರಾಲಿಕ್ ಅಡ್ಜಸ್ಟರ್ ಕುಸಿದು ಇಲ್ಲದ ಜಾಗವನ್ನು ಇದೆ ಎಂದು ತೋರಿಸೀತು. ಮೈವೆಕ್ ಇದ್ದರೆ ಕ್ಯಾಮನ್ನು ಪೂರ್ತಿ ಅಡ್ವಾನ್ಸಿಗೆ ಒಯ್ದು ಅಳೆಯಬೇಕು.

ಟೊಯೊಟಾದ ಹಳೆಯ 2ಜೆಝಡ್-ಜಿಟಿಇ ಮೂಲ ಸ್ಥಿತಿಯಲ್ಲಿದ್ದರೆ ಬೆಲ್ಟು ಕಡಿದರೂ ವಾಲ್ವ್ ಉಳಿಯುತ್ತದೆ. ಎತ್ತರದ ಕ್ಯಾಮ್ ಹಾಕಿದ ದಿನವೇ ಆ ಭರವಸೆ ರದ್ದು.

ಪುಲ್ಲಿಯ ಲಾಕ್ ಬೋಲ್ಟುಗಳನ್ನು ಸಡಿಲಿಸುವಾಗ ಕ್ಯಾಮಿನ ಮೈಮೇಲಿರುವ ಷಟ್ಕೋನಕ್ಕೆ ಸ್ಪ್ಯಾನರ್ ಹಾಕಿ ಹಿಡಿಯಬೇಕು. ವಾಲ್ವ್ ಸ್ಪ್ರಿಂಗ್‌ಗಳ ಒತ್ತಡಕ್ಕೆ ಕ್ಯಾಮ್ ತಟ್ಟನೆ ಜಾರಿದರೆ ಬೆಲ್ಟು ಹಲ್ಲು ಹಾರುತ್ತದೆ. 4ಜಿ63ರಲ್ಲಿ ಬೆಲ್ಟು ಕಳಚಿದ್ದೇ ಆದರೆ ಎಣ್ಣೆ ಪಂಪಿನ ಪುಲ್ಲಿಯನ್ನು ಮರೆಯುವ ಹಾಗಿಲ್ಲ. ಅದರ ಗುರುತು ಸರಿಯಿದ್ದೂ ಬ್ಯಾಲೆನ್ಸ್ ಶಾಫ್ಟ್ ಅರ್ಧ ಸುತ್ತು ತಪ್ಪಿರಬಹುದು. ಬ್ಲಾಕಿನ ಬದಿಯ ಪ್ಲಗ್ ತೆಗೆದು ಆ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ, ಆಳಕ್ಕೆ ಹೋದರೆ ಸರಿ, ಮೊದಲೇ ತಡೆದರೆ ತಪ್ಪು. ಎಲ್ಲ ಬಿಗಿಯಾದ ಮೇಲೆ ಸ್ಪಾರ್ಕ್ ಪ್ಲಗ್ ತೆಗೆದಿಟ್ಟೇ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಲು ಹೋಗದೆ ಅಲ್ಲೇ ನಿಲ್ಲಿಸಿ, ಬೆಲ್ಟಿನ ಗುರುತುಗಳನ್ನು ಮೊದಲಿನಿಂದ ನೋಡಿ. ತಡೆಯದಿದ್ದರೆ ಡಯಲ್ ಗೇಜ್ ಮತ್ತೊಮ್ಮೆ ಇಟ್ಟು ಮಧ್ಯರೇಖೆ ಓದಿಕೊಂಡು, ಆ ಅಂಕೆಯನ್ನು ಬರೆದಿಟ್ಟ ಮೇಲೆಯೇ ಕೀಲಿ ತಿರುಗಿಸಿ.